ದಿನಚರಿಯ ಧ್ಯಾನದಲ್ಲಿ ಶೀಲಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ತಾವು ಧ್ಯಾನಕ್ಕೆಂದೇ ಮೂರು ಪುಟ ಮೀಸಲಿಟ್ಟಿದ್ದನ್ನು ಓದಿ ನಿಜಕ್ಕೂ ಸಂತೋಷವಾಯಿತು. ಬೌದ್ಧ ಧ್ಯಾನವೆಂದರೆ ಎಲ್ಲೋ ಬೆಟ್ಟದ ಗುಹೆಯಲ್ಲಿ ಕಾವಿ ಉಟ್ಟವರು ಮಾಡುವ ಸಾಧನೆ ಎಂದುಕೊಂಡಿದ್ದ ಎಷ್ಟೋ ಓದುಗರಿಗೆ, ಅದು ಅಡುಗೆಮನೆಯಲ್ಲಿ, ಮೆಟ್ರೊದಲ್ಲಿ, ಕಚೇರಿಯ ಮೇಜಿನ ಮುಂದೆ ಕೂಡ ಸಾಧ್ಯ ಎಂಬ ಧೈರ್ಯವನ್ನು ಆ ಲೇಖನಗಳು ಕೊಟ್ಟಿರುತ್ತವೆ. ಆದರೂ ಮೂರೂ ಪುಟ ಓದಿ ಮುಗಿಸಿದಾಗ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ ಎನಿಸಿತು. ಉಸಿರನ್ನು ಹೇಗೆ ಗಮನಿಸಬೇಕು, ಎಷ್ಟು ನಿಮಿಷ ಕೂರಬೇಕು, ಯಾವ ಆ್ಯಪ್ ಒಳ್ಳೆಯದು ಎಂಬುದೆಲ್ಲ ಅಲ್ಲಿತ್ತು. ಹಾಗೆ ಕೂತು ಎದ್ದವರು ಅಕ್ಕಪಕ್ಕದವರೊಡನೆ, ಅದರಲ್ಲೂ ತಮ್ಮ ಕೈಕೆಳಗೆ ದುಡಿಯುವವರೊಡನೆ, ಹೇಗೆ ನಡೆದುಕೊಳ್ಳಬೇಕು ಎಂಬ ಬಗ್ಗೆ, ಅಂದರೆ ಶೀಲದ ಬಗ್ಗೆ, ಒಂದು ಸಾಲೂ ಇರಲಿಲ್ಲ. ಬುದ್ಧ ಹೇಳಿದ ಸಾಧನೆಯಲ್ಲಿ ಈ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಇದನ್ನು ನಾನು ತಡವಾಗಿ, ನನ್ನದೇ ತಪ್ಪಿನಿಂದ ಕಲಿತೆ. ಆ ಕಾರಣಕ್ಕೆ ಈ ಪತ್ರ ಸ್ವಲ್ಪ ಉದ್ದವಾದರೂ ತಾವು ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಹೊರವರ್ತುಲ ರಸ್ತೆಯ ಒಂದು ಖಾಸಗಿ ಕಂಪನಿಯಲ್ಲಿ ಸಿಬ್ಬಂದಿ ವಿಭಾಗದಲ್ಲಿದ್ದು ನಿವೃತ್ತನಾದವನು. ಸಿಬ್ಬಂದಿಯ ಒತ್ತಡ ಕಡಿಮೆ ಮಾಡಲು ಏನಾದರೂ ಏರ್ಪಾಡು ಮಾಡಿ ಎಂದು ಮೇಲಿನವರು ಹೇಳಿದಾಗ, ಆ ವೇಳೆಗಾಗಲೇ ಹತ್ತು ದಿನದ ವಿಪಶ್ಯನಾ (ಮೈಮನಸ್ಸಿನ ಅನುಭವಗಳನ್ನು ಇದ್ದಂತೆಯೇ ಗಮನಿಸುವ ಬೌದ್ಧ ಧ್ಯಾನ) ಶಿಬಿರ ಮುಗಿಸಿ ಬಂದಿದ್ದ ನನಗೆ ಧ್ಯಾನವೇ ಹೊಳೆಯಿತು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ದೊಡ್ಡ ಮೀಟಿಂಗ್ ಹಾಲಿನ ಮೇಜು ಕುರ್ಚಿ ಸರಿಸಿ, ನೆಲಕ್ಕೆ ಚಾಪೆ ಹಾಸಿ, ಮೂವತ್ತು ಮಂದಿಯನ್ನು ಕೂರಿಸಿದೆವು. ಹೊರಗಿನಿಂದ ಬಂದಿದ್ದ ತರಬೇತುದಾರರು ಮೆಲುದನಿಯಲ್ಲಿ, ಮೂಗಿನ ಹೊಳ್ಳೆಯ ಬಳಿ ಉಸಿರು ಮುಟ್ಟುವ ಜಾಗವನ್ನು ಗಮನಿಸಿ ಎಂದು ಹೇಳತೊಡಗಿದ ಐದು ನಿಮಿಷಕ್ಕೇ ಹಿಂದಿನ ಸಾಲಿನಲ್ಲಿ ಕೂತಿದ್ದ ಹಾಸನದ ಕಡೆಯ ಹುಡುಗನೊಬ್ಬ ಗೋಡೆಗೆ ತಲೆ ಆನಿಸಿ ನಿದ್ದೆಹೋದ. ಮುಗಿದ ಮೇಲೆ ಅವನೇ ನನ್ನ ಬಳಿ ಬಂದು, ಅಪರಾಧ ಮಾಡಿದವನ ಹಾಗೆ ಕೈಕಟ್ಟಿ ನಿಂತು, “ಸಾರ್, ತಪ್ಪು ತಿಳ್ಕೋಬೇಡಿ. ಮೂರು ದಿನದಿಂದ ನೈಟ್ ಶಿಫ್ಟ್ ಮುಗಿಸಿ ಮತ್ತೆ ಮಧ್ಯಾಹ್ನ ಬರ್ತಿದೀನಿ. ಕಣ್ಣು ಮುಚ್ಚಿದ್ದೇ ತಡ, ಹೋಗ್ಬಿಡ್ತು” ಎಂದ. ಬಾಗಿಲ ಹೊರಗೆ ಹೌಸ್‌ಕೀಪಿಂಗ್ ಕೆಲಸದ ಹೆಂಗಸೊಬ್ಬರು ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದರು. ಒಳಗೆ ಸದ್ದಾಗಬಾರದೆಂದು ನಾನೇ ಅವರಿಗೆ ಕಾಯಲು ಹೇಳಿದ್ದೆ. ಮುಕ್ಕಾಲು ಗಂಟೆ ಅವರು ನಿಂತೇ ಇದ್ದರು ಎಂಬುದು, ಅವರು ಫ್ಲಾಸ್ಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ ಮೊಣಕೈ ನೀವಿಕೊಂಡಾಗ ನನ್ನ ಗಮನಕ್ಕೆ ಬಂತು.

ಆ ಹುಡುಗನಿಗೆ ಬೇಕಿದ್ದದ್ದು ಉಸಿರಿನ ಅಭ್ಯಾಸಕ್ಕಿಂತ ಮೊದಲು ಎಂಟು ಗಂಟೆ ನಿದ್ದೆ. ಎರಡು ಪಾಳಿಗಳ ನಡುವೆ ಸಾಕಷ್ಟು ಬಿಡುವಿರಬೇಕೆಂದು ನಾನು ಒಂದು ಟಿಪ್ಪಣಿ ಬರೆದು ಮೇಲೆ ಕಳಿಸಿದೆ. ಉತ್ತರ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಧ್ಯಾನದ ಕಾರ್ಯಕ್ರಮ ಮಾತ್ರ ಪ್ರತಿ ಶುಕ್ರವಾರ ತಪ್ಪದೆ ನಡೆಯಿತು, ಅದರ ಫೋಟೊಗಳು ಕಂಪನಿಯ ವಾರ್ಷಿಕ ವರದಿಯಲ್ಲಿ ಬಂದವು. ಈಗ ಯೋಚಿಸಿದರೆ, ಪಾಳಿಯ ವಿಷಯವನ್ನು ಮುಟ್ಟದೆ ಧ್ಯಾನವನ್ನು ಮುಂದುವರಿಸಿದ್ದರಿಂದ, ಆ ಮಕ್ಕಳಿಗೆ ಇನ್ನೂ ಸ್ವಲ್ಪ ತಾಳಿಕೊಳ್ಳಿ ಎಂದು ಹೇಳಿದ ಹಾಗಾಯಿತೇ ಹೊರತು ಬೇರೇನೂ ಆಗಲಿಲ್ಲ.

ಈಗ ತಮ್ಮ ಪುರವಣಿಯ ಮುಖ್ಯ ಲೇಖನಕ್ಕೆ ಬರುತ್ತೇನೆ. ಹಿಂದೆ ಧ್ಯಾನವೆಂದರೆ ಕಣ್ಣು ಮುಚ್ಚಿ ಕೂರುವುದಾಗಿತ್ತು, ಅದನ್ನು ದಿನನಿತ್ಯದ ಕೆಲಸಕ್ಕೆ ಹೊಂದಿಸಿದವರು ಇಂದಿನ ಕಾಲದವರು ಎಂದು ಅದರಲ್ಲಿ ಹೇಳಲಾಗಿದೆ. ಇದು ಸರಿಯಲ್ಲ. ಬೌದ್ಧರ ಮೂಲ ಗ್ರಂಥಸಂಗ್ರಹವಾದ ಪಾಲಿ ತಿಪಿಟಕದ ಮಜ್ಝಿಮ ನಿಕಾಯದಲ್ಲಿ ಸತಿಪಟ್ಠಾನ ಸುತ್ತ ಎಂಬ ಉಪದೇಶವಿದೆ. ಅದರಲ್ಲಿ ಉಸಿರನ್ನು ಗಮನಿಸುವ ಭಾಗ ಮುಗಿದ ಕೆಲವೇ ಸಾಲುಗಳಲ್ಲಿ ನಡೆ–ನುಡಿಯ ಎಚ್ಚರದ ಭಾಗ ಬರುತ್ತದೆ. ಮುಂದಕ್ಕೆ ಹೆಜ್ಜೆ ಇಡುವಾಗ, ಹಿಂದಿರುಗುವಾಗ, ಅತ್ತಿತ್ತ ನೋಡುವಾಗ, ಕೈಕಾಲು ಮಡಿಸುವಾಗ, ಚಾಚುವಾಗ, ಬಟ್ಟೆ ಉಡುವಾಗ, ಉಣ್ಣುವಾಗ, ಕುಡಿಯುವಾಗ, ಅಗಿಯುವಾಗ, ಮಲಮೂತ್ರ ವಿಸರ್ಜಿಸುವಾಗ, ಮಲಗುವಾಗ, ಏಳುವಾಗ, ಮಾತಾಡುವಾಗ, ಸುಮ್ಮನಿರುವಾಗ — ಇಷ್ಟೆಲ್ಲವನ್ನೂ ಅರಿತು ಮಾಡಬೇಕೆಂದು ಅಲ್ಲಿ ಒಂದೊಂದಾಗಿ ಹೇಳಿದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಪಠ್ಯವೊಂದು ಶೌಚಕ್ಕೆ ಹೋಗುವುದನ್ನೂ ಸಾಧನೆಯ ಒಳಗೆ ಸೇರಿಸಿಕೊಂಡಿರುವಾಗ, ದಿನಚರಿಯ ಧ್ಯಾನ ಹೊಸ ಕಾಲದ ಶೋಧ ಎನ್ನಲು ಹೇಗೆ ಬರುತ್ತದೆ?

ಮೈಂಡ್‌ಫುಲ್‌ನೆಸ್ ಎಂಬ ಪದಕ್ಕೆ ಕನ್ನಡದಲ್ಲಿ ಸರಿಯಾದ ಮಾತೇ ಇಲ್ಲ ಎಂದು ಲೇಖಕರು ಬೇಸರಪಟ್ಟಿದ್ದಾರೆ. ಆ ಇಂಗ್ಲಿಷ್ ಪದವನ್ನು ಪಾಲಿಯ ‘ಸಮ್ಮಾಸತಿ’ (ಸರಿಯಾದ ಎಚ್ಚರ) ಎಂಬುದರ ಅನುವಾದಕ್ಕಾಗಿ ವಿದ್ವಾಂಸ ಟಿ.ಡಬ್ಲ್ಯು. ರೈಸ್ ಡೇವಿಡ್ಸ್ ಬಳಸಿದ್ದು 1881ರಲ್ಲಿ. ಮೂಲದ ‘ಸತಿ’ ಎಂದರೆ ಸಂಸ್ಕೃತದ ಸ್ಮೃತಿ, ಅಂದರೆ ನೆನಪು. ಮಾಡುತ್ತಿರುವ ಕೆಲಸವನ್ನು, ಅದನ್ನು ಯಾಕೆ ಮಾಡುತ್ತಿದ್ದೇವೆ ಎಂಬುದನ್ನು ಮರೆಯದಿರುವುದು ಎಂಬ ಅರ್ಥ ಅದರಲ್ಲಿದೆ. ನಮ್ಮ ಹಳ್ಳಿಗಳ ಕಡೆ ‘ಗ್ಯಾನ’ ಎಂಬ ಮಾತಿದೆ. ಏನನ್ನೋ ಮರೆತಾಗ ‘ಗ್ಯಾನ ಬರಲಿಲ್ಲ’ ಎನ್ನುತ್ತಾರೆ, ಪ್ರಜ್ಞೆ ತಪ್ಪಿದವನನ್ನು ಕಂಡು ‘ಗ್ಯಾನ ಇಲ್ಲ’ ಎನ್ನುತ್ತಾರೆ, ಎಡವಿದ ಮಗುವಿಗೆ ‘ಗ್ಯಾನ ಎಲ್ಲಿತ್ತು?’ ಎಂದು ಗದರುತ್ತಾರೆ. ನೆನಪು, ಅರಿವು, ಗಮನ ಮೂರೂ ಆ ಒಂದು ಮಾತಿನಲ್ಲಿವೆ. ‘ಮೈಮೇಲೆ ಎಚ್ಚರ ಇರಲಿ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದಂತೂ ಸತಿಪಟ್ಠಾನದ ಮೊದಲ ಮೆಟ್ಟಿಲಾದ ಕಾಯಾನುಪಸ್ಸನೆಯ, ಅಂದರೆ ಮೈಯನ್ನು ಗಮನಿಸುವ ಅಭ್ಯಾಸದ, ಮಾತಿನಂತೆಯೇ ಕೇಳಿಸುತ್ತದೆ. ಹೊಸ ಪದ ಹುಡುಕುವ ಬದಲು ಮನೆಯಲ್ಲಿರುವ ಈ ಮಾತುಗಳನ್ನು ತಮ್ಮ ಲೇಖಕರು ಬಳಸಲಿ ಎಂಬುದು ನನ್ನ ಆಸೆ.

ಹೆಂಡತಿಯ ಬೆನ್ನುನೋವಿನಿಂದಾಗಿ ನಿವೃತ್ತಿಯ ನಂತರ ಅಡುಗೆಮನೆ ನನ್ನ ಪಾಲಿಗೆ ಬಂತು. ಮುದ್ದೆ ಮಾಡುವುದನ್ನು ನನಗೆ ಕಲಿಸಿದವರು ರಾಮನಗರದಲ್ಲಿರುವ ನನ್ನ ಅಕ್ಕ. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಅದು ಬೇಯುವ ತನಕ ಕೈ ಹಾಕದೆ ಕಾಯಬೇಕು. ಆಮೇಲೆ ಪಾತ್ರೆ ಅಲುಗದಂತೆ ಕವೆಗೋಲಿನಿಂದ ಒತ್ತಿ ಹಿಡಿದು, ಮುದ್ದೆ ಕೋಲಿನಿಂದ ಒಂದೇ ಸಮನೆ ತೊಳಸಬೇಕು. ಆ ಎರಡು ಮೂರು ನಿಮಿಷ ಮನಸ್ಸು ಫೋನಿನ ಕಡೆ ಹೋಯಿತೋ, ಗಂಟು ಬಿತ್ತೆಂದೇ ಲೆಕ್ಕ. ತಣ್ಣೀರಿನಲ್ಲಿ ಕೈ ಅದ್ದಿ ಬಿಸಿ ಹಿಟ್ಟನ್ನು ಮಣೆಯ ಮೇಲೆ ಉರುಟುವಾಗ ಅಂಗೈಗೆ ಮೊದಲು ತಂಪು, ಅದರ ಹಿಂದೆಯೇ ಸುಡುವ ಬಿಸಿ, ಅದರ ಹಿಂದೆಯೇ ‘ಬೇಗ ಮುಗಿದರೆ ಸಾಕು’ ಎಂಬ ಒಂದು ಸಿಡುಕು ಬರುತ್ತದೆ. ಹಿತ–ಅಹಿತದ ಆ ಅನುಭವಕ್ಕೆ ಸುತ್ತದಲ್ಲಿ ವೇದನೆ ಎಂದು ಹೆಸರು, ಅದರ ಬೆನ್ನಿಗೆ ಹುಟ್ಟುವ ಸಿಡುಕನ್ನು ಗುರುತಿಸುವುದು ಚಿತ್ತಾನುಪಸ್ಸನೆ. ಹತ್ತು ದಿನದ ಶಿಬಿರದಲ್ಲಿ ಕಷ್ಟಪಟ್ಟು ತಿಳಿದುಕೊಂಡದ್ದು ನನಗೆ ಇಲ್ಲಿ, ಒಲೆಯ ಮುಂದೆ, ಕೈಯಲ್ಲಿ ಮುಟ್ಟಿ ನೋಡಿದಂತೆ ತಿಳಿಯಿತು. ಈ ಕೆಲಸವನ್ನು ನಲವತ್ತು ವರ್ಷ ನನ್ನ ಹೆಂಡತಿ ಮಾಡಿದಾಗ ನಾನು ಅದನ್ನು ಸಾಧನೆ ಎಂದು ಒಮ್ಮೆಯೂ ಎಣಿಸಿರಲಿಲ್ಲ ಎಂಬುದೂ ಅದೇ ಹೊತ್ತಿನಲ್ಲಿ ತಿಳಿಯಿತು.

ಹಾಗಾದರೆ ಆಧುನಿಕ ಕಾಲದಲ್ಲಿ ನಿಜವಾಗಿ ಬದಲಾದದ್ದೇನು? ಬದಲಾದದ್ದು ಕಲಿಯುವವರು ಮತ್ತು ಕಲಿಸುವವರು. ಬರ್ಮಾ ಪೂರ್ತಿಯಾಗಿ ಬ್ರಿಟಿಷರ ಕೈಗೆ ಹೋದ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ರಾಜಾಶ್ರಯ ತಪ್ಪಿದ ಧಮ್ಮವನ್ನು, ಅಂದರೆ ಬುದ್ಧನ ಬೋಧನೆಯನ್ನು, ಗೃಹಸ್ಥರೇ ಉಳಿಸಿಕೊಳ್ಳಬೇಕಾದ ಸ್ಥಿತಿ ಬಂದಾಗ, ಲೆಡಿ ಸಯಾಡೊ ಎಂಬ ಭಿಕ್ಷು ಊರೂರು ತಿರುಗಿ ಸಾಮಾನ್ಯ ಜನರಿಗೆ ಧ್ಯಾನ ಕಲಿಸಿದರು. ಅವರ ಶಿಷ್ಯರಲ್ಲಿ ಸಯಾ ತೆಟ್‌ಜಿ ಭತ್ತ ಬೆಳೆಯುತ್ತಿದ್ದ ರೈತ. ಆ ರೈತನ ಬಳಿ 1937ರಲ್ಲಿ ಕಲಿತ ಊ ಬಾ ಖಿನ್ ಲೆಕ್ಕಪತ್ರ ಇಲಾಖೆಯ ನೌಕರರಾಗಿದ್ದು, 1948ರಲ್ಲಿ ಸ್ವತಂತ್ರ ಬರ್ಮಾದ ಮಹಾಲೇಖಪಾಲರಾದರು, ತಮ್ಮ ಕಚೇರಿಯ ಸಿಬ್ಬಂದಿಗೂ ಧ್ಯಾನ ಕಲಿಸಿದರು. ಅವರ ಶಿಷ್ಯ ಸತ್ಯನಾರಾಯಣ ಗೋಯಂಕಾ ವ್ಯಾಪಾರಿ. ಭಿಕ್ಷುವಿನಿಂದ ರೈತನಿಗೆ, ರೈತನಿಂದ ಗುಮಾಸ್ತಿಕೆಯಿಂದ ಮೇಲೆ ಬಂದ ಅಧಿಕಾರಿಗೆ, ಅಧಿಕಾರಿಯಿಂದ ವ್ಯಾಪಾರಿಗೆ ಇಳಿದು ಬಂದ ಈ ಪರಂಪರೆಯೇ 1969ರಲ್ಲಿ ಭಾರತಕ್ಕೆ ಮರಳಿ, 1976ರಲ್ಲಿ ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ನೆಲೆಯೂರಿ, ನಮ್ಮ ತುಮಕೂರು ರಸ್ತೆಯ ಆಚೆ ದಾಸನಪುರದ ಬಳಿಯ ಆಲೂರಿನ ಧಮ್ಮ ಪಫುಲ್ಲ ಕೇಂದ್ರದವರೆಗೂ ಬಂದಿದೆ. ಹೊಲದ ಕೆಲಸ ಅಥವಾ ಲೆಕ್ಕಪುಸ್ತಕ ಬಿಟ್ಟು ಬಂದರೆ ಮಾತ್ರ ಸಾಧನೆ ಎಂದು ಅವರಲ್ಲಿ ಯಾರೂ ಹೇಳಲಿಲ್ಲ.

ಗೋಯಂಕಾ ಅವರೇ ಹೇಳಿಕೊಳ್ಳುತ್ತಿದ್ದ ಒಂದು ಪ್ರಸಂಗ ಇಲ್ಲಿ ಬಹಳ ಮುಖ್ಯ. ತೀವ್ರವಾದ ಅರೆತಲೆನೋವಿನಿಂದ ನರಳುತ್ತಿದ್ದ ಅವರು, ಎಲ್ಲ ಔಷಧಿಗಳೂ ಸೋತ ಮೇಲೆ, 1955ರಲ್ಲಿ ಊ ಬಾ ಖಿನ್ ಅವರ ಬಳಿ ಹೋಗಿ ಸೇರಿಸಿಕೊಳ್ಳಿ ಎಂದು ಕೇಳಿದರು. ತಲೆನೋವು ವಾಸಿಯಾಗಲಿ ಎಂದಷ್ಟೇ ಬರುವುದಾದರೆ ಬೇಡ, ಅದರಿಂದ ಧಮ್ಮದ ಬೆಲೆ ಕಡಿಮೆ ಮಾಡಿದಂತಾಗುತ್ತದೆ ಎಂಬ ಅರ್ಥದ ಉತ್ತರ ಬಂತು. ನೋವು ಹೋದರೆ ಹೋಗಲಿ, ಅದು ಜೊತೆಗೆ ಸಿಗುವ ಲಾಭ, ಬರುವ ಉದ್ದೇಶ ಮಾತ್ರ ಮನಸ್ಸನ್ನು ಶುದ್ಧಮಾಡಿಕೊಳ್ಳುವುದಾಗಿರಬೇಕು ಎಂದು ಒಪ್ಪಿದ ಮೇಲಷ್ಟೇ ಅವರಿಗೆ ಪ್ರವೇಶ ಸಿಕ್ಕಿತು. ‘ನಿದ್ದೆ ಚೆನ್ನಾಗಿ ಬರುತ್ತದೆ, ಕೆಲಸದ ವೇಗ ಹೆಚ್ಚುತ್ತದೆ’ ಎಂಬ ಮಾತುಗಳಿಂದಲೇ ಧ್ಯಾನಕ್ಕೆ ಕರೆಯುವ ಇಂದಿನ ಜಾಹೀರಾತುಗಳನ್ನು ಓದಿದಾಗೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಆ ಶಿಬಿರಗಳಿಗೆ ಹೋದವರಿಗೆ ಗೊತ್ತು: ಮೊದಲ ದಿನ ಉಸಿರಿನ ಮಾತೇ ಬರುವ ಮುನ್ನ ಪಂಚಶೀಲ ಸ್ವೀಕರಿಸಬೇಕು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಕಾಮದಲ್ಲಿ ತಪ್ಪು ನಡೆಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಮತ್ತೇರಿಸುವುದನ್ನು ಸೇವಿಸುವುದಿಲ್ಲ ಎಂಬ ಐದು ಮಾತುಗಳು ನೆಲಗಟ್ಟು. ಅದರ ಮೇಲೆ ಮೂರೂವರೆ ದಿನ ಉಸಿರನ್ನು ಗಮನಿಸುವ ಆನಾಪಾನ, ಅದರ ಮೇಲೆ ವಿಪಶ್ಯನೆ, ಹತ್ತನೆಯ ದಿನ ಮೌನ ಮುರಿದಾಗ ಎಲ್ಲರಿಗೂ ಒಳ್ಳೆಯದಾಗಲಿ ಎಂಬ ಮೈತ್ರಿಯ ಅಭ್ಯಾಸ. ಶೀಲ, ಸಮಾಧಿ, ಪ್ರಜ್ಞೆ ಎಂಬ ಈ ಕ್ರಮದಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ತೆಗೆದು ನಡುವಿನದನ್ನಷ್ಟೇ ಕತ್ತರಿಸಿಕೊಂಡು ಬಂದದ್ದು ನಮ್ಮ ಮೀಟಿಂಗ್ ಹಾಲಿನ ಧ್ಯಾನ.

ಇದನ್ನು ಹೇಳುವಾಗ ವೈದ್ಯಕೀಯದ ಕಡೆಯಿಂದ ನಡೆದ ಪ್ರಯತ್ನಗಳನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್–ಝಿನ್ 1979ರಲ್ಲಿ ಆರಂಭಿಸಿದ ಎಂಟು ವಾರಗಳ ಧ್ಯಾನದ ಕ್ರಮ, ಔಷಧಿಯಿಂದ ಪೂರ್ಣ ಶಮನವಾಗದ ದೀರ್ಘಕಾಲದ ನೋವಿನ ರೋಗಿಗಳಿಗೆ ನೋವಿನೊಡನೆ ಬದುಕುವ ದಾರಿ ತೋರಿಸಿತು. ಅದನ್ನು ಆಧರಿಸಿ, ಮತ್ತೆ ಮತ್ತೆ ಮರುಕಳಿಸುವ ಖಿನ್ನತೆಗಾಗಿ ಮನೋವಿಜ್ಞಾನಿಗಳು ರೂಪಿಸಿದ ಚಿಕಿತ್ಸೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2004ರಲ್ಲಿ ಶಿಫಾರಸು ಮಾಡಿತು. ಬೌದ್ಧ ಪದಗಳನ್ನು ಬಿಟ್ಟು ಆಸ್ಪತ್ರೆಯ ಭಾಷೆಯಲ್ಲಿ ಹೇಳಿದ್ದರಿಂದ, ಯಾವ ಮತದವರೇ ಆಗಲಿ ಸಂಕೋಚವಿಲ್ಲದೆ ಬರಲು ಸಾಧ್ಯವಾಯಿತು. ರೋಗಿಯೊಬ್ಬರ ಸಂಕಟ ಕಡಿಮೆಯಾಗುವುದೇ ಕರುಣೆಯ ಕೆಲಸ, ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಆದರೆ ಮದ್ದು ಎಂದು ಕೊಟ್ಟರೆ ಮದ್ದಿನ ಪಥ್ಯವನ್ನೂ ಹೇಳಬೇಕಲ್ಲವೇ? ಧ್ಯಾನದಿಂದ ಯಾರಿಗೂ ಏನೂ ತೊಂದರೆಯಿಲ್ಲ ಎಂದು ಪುರವಣಿಯ ಚೌಕಟ್ಟಿನ ಬರಹದಲ್ಲಿದ್ದ ಮಾತು ನನಗೆ ಕಳವಳ ತಂದಿತು. ದಿನಕ್ಕೆ ಹತ್ತು ಗಂಟೆಯಷ್ಟು ಕೂರುವ ಮೌನ ಶಿಬಿರಗಳಲ್ಲಿ ಕೆಲವರಿಗೆ ಹಳೆಯ ಆಘಾತಗಳು ಮೇಲೆದ್ದು ಬರುತ್ತವೆ, ಆತಂಕ ಹೆಚ್ಚುತ್ತದೆ. ಈ ಕಾರಣದಿಂದಲೇ ವಿಪಶ್ಯನಾ ಕೇಂದ್ರಗಳ ಅರ್ಜಿಯಲ್ಲಿ ಮಾನಸಿಕ ಕಾಯಿಲೆಯ ಹಿನ್ನೆಲೆಯನ್ನು ಕೇಳುತ್ತಾರೆ. ನನ್ನ ಜೊತೆ ಶಿಬಿರದಲ್ಲಿದ್ದ ಒಬ್ಬರು ಐದನೆಯ ದಿನ ನಡುಗುತ್ತ ಹೊರಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಹಾಯಕ ಆಚಾರ್ಯರು ಅವರನ್ನು ಮರದ ಕೆಳಗೆ ಕೂರಿಸಿ, ಧ್ಯಾನ ನಿಲ್ಲಿಸಿ, ಬಿಸಿನೀರು ಕೊಟ್ಟು, ಗಂಟೆಗಟ್ಟಲೆ ಜೊತೆಗಿದ್ದರು. ಮೊಬೈಲಿನ ಆ್ಯಪ್ ಹಾಗೆ ಜೊತೆಗೆ ಕೂರಲಾರದು. ಖಿನ್ನತೆಗೆ, ಬೈಪೋಲಾರ್‌ಗೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಔಷಧಿ ಬಿಟ್ಟು ಧ್ಯಾನಕ್ಕೆ ಇಳಿಯಬಾರದು ಎಂಬ ಒಂದು ಸಾಲನ್ನಾದರೂ ತಾವು ಮುಂದಿನ ಸಂಚಿಕೆಯಲ್ಲಿ ಹಾಕಬೇಕು. ನಿಮ್ಹಾನ್ಸ್ ಇರುವ ಊರಿನ ಪತ್ರಿಕೆಗೆ ಇದನ್ನು ತಜ್ಞರಿಂದಲೇ ಬರೆಸುವುದು ಕಷ್ಟವೂ ಅಲ್ಲ.

ಶಾಲೆಗಳಲ್ಲಿ ಧ್ಯಾನವನ್ನು ಕಡ್ಡಾಯ ಮಾಡಬೇಕೆಂಬ ಪುರವಣಿಯ ಸಲಹೆಯ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನಲ್ಲಿ ಎಂಬತ್ತಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಫಲಿತಾಂಶ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಎಲ್ಲ ಮಕ್ಕಳಿಗೂ ಒಟ್ಟಾಗಿ ಕಲಿಸಿದ ಧ್ಯಾನದ ಪಾಠಗಳಿಂದ ಮಾಮೂಲಿ ಪಾಠಗಳಿಗಿಂತ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಅಭ್ಯಾಸ ಮಾಡಿರಲೂ ಇಲ್ಲ. ಒತ್ತಾಯದಿಂದ ಮೈ ಕೂರಬಹುದು, ಮನಸ್ಸನ್ನು ಕೂರಿಸಲು ಆಗುವುದಿಲ್ಲ.

ನನ್ನ ಪತ್ರದ ಮುಖ್ಯ ವಿಷಯಕ್ಕೆ ಮರಳುತ್ತೇನೆ. ಗೃಹಸ್ಥರ ದಿನಚರಿಗೆಂದೇ ಬುದ್ಧ ನೀಡಿದ ಉಪದೇಶ ತಿಪಿಟಕದ ಇನ್ನೊಂದು ಭಾಗವಾದ ದೀಘ ನಿಕಾಯದ ಸಿಗಾಲೋವಾದ ಸುತ್ತದಲ್ಲಿದೆ. ರಾಜಗೃಹದ ಸಿಗಾಲನೆಂಬ ಗೃಹಸ್ಥನ ಮಗ ಬೆಳಗಿನ ಜಾವ ಒದ್ದೆ ಬಟ್ಟೆಯಲ್ಲಿ, ಒದ್ದೆ ತಲೆಯಲ್ಲಿ ಆರು ದಿಕ್ಕುಗಳಿಗೆ ಕೈಮುಗಿಯುತ್ತಿರುವುದನ್ನು ಬುದ್ಧ ನೋಡುತ್ತಾನೆ. ಪೂಜೆ ಬೇಡ ಎನ್ನುವುದಿಲ್ಲ. ಪೂರ್ವ ಎಂದರೆ ತಂದೆತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಗೆಳೆಯರು, ಮೇಲಿನ ದಿಕ್ಕು ಶ್ರಮಣ–ಬ್ರಾಹ್ಮಣರು, ಕೆಳಗಿನ ದಿಕ್ಕು ಆಳುಗಳು ಮತ್ತು ಕೆಲಸಗಾರರು, ಇವರನ್ನು ಸರಿಯಾಗಿ ನಡೆಸಿಕೊಳ್ಳುವುದೇ ದಿಕ್ಕುಗಳ ಪೂಜೆ ಎಂದು ತಿಳಿಸಿಕೊಡುತ್ತಾನೆ. ಕೆಲಸಗಾರರ ವಿಷಯದಲ್ಲಿ ಯಜಮಾನ ಪಾಲಿಸಬೇಕಾದ ಐದು ಕರ್ತವ್ಯಗಳನ್ನು ಅಲ್ಲಿ ಹೇಳಿದೆ: ಅವರವರ ಶಕ್ತಿಗೆ ತಕ್ಕಂತೆ ಕೆಲಸ ಹಂಚುವುದು, ಊಟ ಮತ್ತು ಸಂಬಳ ಕೊಡುವುದು, ಕಾಯಿಲೆ ಬಿದ್ದಾಗ ಆರೈಕೆ ಮಾಡುವುದು, ಮನೆಗೆ ಬಂದ ವಿಶೇಷ ತಿನಿಸನ್ನು ಅವರೊಡನೆ ಹಂಚಿಕೊಳ್ಳುವುದು, ಹೊತ್ತಿಗೆ ಸರಿಯಾಗಿ ಕೆಲಸದಿಂದ ಬಿಡುವು ಕೊಡುವುದು.

ಸಿಬ್ಬಂದಿ ವಿಭಾಗದಲ್ಲಿ ಮೂವತ್ತು ವರ್ಷ ಕಳೆದ ನಾನು ಇದನ್ನು ಮೊದಲ ಬಾರಿ ಓದಿದ್ದು ನಿವೃತ್ತಿಯಾದ ಮೇಲೆ, ಗಾಂಧಿನಗರದ ಮಹಾಬೋಧಿ ಸೊಸೈಟಿಯಲ್ಲಿ ಕೊಂಡ ಒಂದು ಚಿಕ್ಕ ಪುಸ್ತಕದಲ್ಲಿ. ಓದಿದಾಗ ಎದೆ ಧಸಕ್ಕೆಂದಿತು. ಶಕ್ತಿಗೆ ತಕ್ಕ ಕೆಲಸ, ಹೊತ್ತಿಗೆ ಸರಿಯಾಗಿ ಬಿಡುವು — ಆ ಹಾಸನದ ಹುಡುಗ ನನ್ನಿಂದ ಕೇಳಿದ್ದು ಇವೆರಡನ್ನೇ. ನಾನು ಕೊಟ್ಟಿದ್ದು ಚಾಪೆಯನ್ನು.

ನಮ್ಮ ನಾಡಿಗೆ ಧಮ್ಮ ಕಲ್ಲಿನ ಮೇಲೆ ಬಂದಾಗಲೂ ನಡತೆಯ ಮಾತಾಗಿಯೇ ಬಂತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ ತಂದೆತಾಯಿಗಳ ಸೇವೆ ಮಾಡಬೇಕು, ಜೀವಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕು, ಸತ್ಯ ನುಡಿಯಬೇಕು ಎಂದಿದೆ. ಅವನ ಬೇರೆ ಬಂಡೆಶಾಸನಗಳಲ್ಲಿ ದಾಸರನ್ನೂ ಸೇವಕರನ್ನೂ ಸರಿಯಾಗಿ ನಡೆಸಿಕೊಳ್ಳುವುದನ್ನು ಧರ್ಮದ ಮೊದಲ ಲಕ್ಷಣಗಳಲ್ಲಿ ಎಣಿಸಲಾಗಿದೆ. ಡಾ. ಅಂಬೇಡ್ಕರ್ ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದಾಗ, ಮತ ಎಂಬುದು ವ್ಯಕ್ತಿಯ ಖಾಸಗಿ ವಿಷಯವಾದರೆ ಧಮ್ಮ ಮನುಷ್ಯ–ಮನುಷ್ಯರ ನಡುವಿನ ಸಂಬಂಧದ ವಿಷಯ ಎಂಬ ತಿಳಿವಳಿಕೆಯಿಂದಲೇ ಆ ಹೆಜ್ಜೆ ಇಟ್ಟರು. ಯುದ್ಧದ ನಡುವೆ ಗಾಯಾಳುಗಳ ಸೇವೆಯನ್ನೂ ಧ್ಯಾನವನ್ನೂ ಒಂದೇ ಎಂದು ಕಂಡ ವಿಯೆಟ್ನಾಮಿನ ಭಿಕ್ಷು ಥಿಚ್ ನಾತ್ ಹಾನ್ ಅವರ ದಾರಿಯೂ ಇದೇ. ಪಾತ್ರೆ ತೊಳೆಯುವಾಗಿನ ಎಚ್ಚರದ ಬಗ್ಗೆ ಅವರು ಹೇಳಿದ್ದನ್ನು ಪುರವಣಿಯಲ್ಲಿ ಬಳಸಿಕೊಂಡಿದ್ದೀರಿ. ಅದರ ಹಿಂದಿದ್ದ ಆ ಸೇವೆಯ ಬದುಕಿಗೂ ಒಂದು ಸಾಲು ಸಿಗಬೇಕಿತ್ತು.

ನಮ್ಮ ಬೆಂಗಳೂರಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. 1956ರಲ್ಲಿ ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದ ಆಚಾರ್ಯ ಬುದ್ಧರಕ್ಖಿತರು, 2013ರಲ್ಲಿ ತೀರಿಕೊಳ್ಳುವ ತನಕ, ಪಾಲಿ ಪಾಠ, ಧ್ಯಾನ ಮತ್ತು ಜನಸೇವೆ ಮೂರನ್ನೂ ಒಟ್ಟಿಗೆ ನಡೆಸಿದರು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಿಭಾಗದ ಹೆಸರಿನಲ್ಲಿ ‘ಮಹಾಬೋಧಿ’ ಇರುವುದನ್ನು ಕಂಡವರಲ್ಲಿ ಎಷ್ಟು ಮಂದಿ ಅದನ್ನು ಮೆಜೆಸ್ಟಿಕ್ ಪಕ್ಕದ ಆ ವಿಹಾರದೊಡನೆ ಜೋಡಿಸಿ ನೋಡಿರುತ್ತಾರೆ? ಧ್ಯಾನ ದಿನನಿತ್ಯದ ಬದುಕಿಗೆ ಇಳಿದರೆ ಹೇಗಿರುತ್ತದೆ ಎಂದು ಕೇಳಿದವರಿಗೆ ನಾನು ಆ ವಿಭಾಗವನ್ನು ತೋರಿಸುತ್ತೇನೆ.

ಇನ್ನು ಯಾರಿಗೆ ಇದು ಸಿಗುತ್ತಿದೆ ಎಂಬ ಪ್ರಶ್ನೆ. ವಾರಾಂತ್ಯದಲ್ಲಿ ನಂದಿ ಬೆಟ್ಟದ ಆಸುಪಾಸಿನ ರೆಸಾರ್ಟುಗಳಲ್ಲಿ ನಡೆಯುವ ಧ್ಯಾನ ಶಿಬಿರಗಳ ಶುಲ್ಕವನ್ನು ಮನೆಗೆಲಸ ಮಾಡುವ ಹೆಂಗಸೊಬ್ಬರು ಕೇಳಿದರೆ ತಮ್ಮ ತಿಂಗಳ ಸಂಬಳದೊಡನೆ ಹೋಲಿಸಿ ಸುಮ್ಮನಾಗುತ್ತಾರೆ. ವಿಪಶ್ಯನಾ ಶಿಬಿರಕ್ಕೆ ಶುಲ್ಕವಿಲ್ಲ, ಹಿಂದೆ ಕಲಿತವರು ಕೊಟ್ಟ ದಾನದಿಂದ ಅದು ನಡೆಯುತ್ತದೆ. ಆದರೆ ದಿನಗೂಲಿಯವರು ಹತ್ತು ದಿನ ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ, ಹಾಲೂಡುವ ತಾಯಿ ಹತ್ತು ದಿನ ಮೌನಕ್ಕೆ ಹೋಗಲಾರಳು. 1994ರಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ ಸುಮಾರು ಸಾವಿರ ಕೈದಿಗಳಿಗೆ ಒಟ್ಟಿಗೆ ಶಿಬಿರ ನಡೆಸಲು ಸಾಧ್ಯವಾಗಿದ್ದರೆ, ಪೀಣ್ಯದ ಕಾರ್ಖಾನೆಗಳ ಕೆಲಸಗಾರರಿಗೆ, ಪೌರಕಾರ್ಮಿಕರಿಗೆ, ಅವರ ವೇಳೆಗೆ ಹೊಂದುವಂತೆ, ಅವರ ಬಡಾವಣೆಯ ಸಮುದಾಯ ಭವನದಲ್ಲಿ, ಅವರ ಮಾತಿನಲ್ಲಿ ಕಲಿಸುವುದು ಯಾಕೆ ಆಗದು? ‘ಬಾಡಿ ಸ್ಕ್ಯಾನ್’ ಎಂದರೆ ಆಸ್ಪತ್ರೆಯ ಯಂತ್ರ ನೆನಪಾಗುವ ಜನರಿಗೆ, ‘ನೆತ್ತಿಯಿಂದ ಅಂಗಾಲಿನ ತನಕ ಮೈಯನ್ನು ಒಂದೊಂದು ಭಾಗವಾಗಿ ಗಮನಿಸುತ್ತ ಬನ್ನಿ’ ಎಂದು ಹೇಳಿದರೆ ತಕ್ಷಣ ತಿಳಿಯುತ್ತದೆ.

ಮನೆಯಲ್ಲೇ ಅಭ್ಯಾಸ ಮಾಡುವವರಿಗಾಗಿ ಒಂದು ಸಣ್ಣ ಮಾತು ಸೇರಿಸುತ್ತೇನೆ. ಸತತ ಎಷ್ಟು ದಿನ ಕೂತಿರಿ ಎಂದು ಲೆಕ್ಕವಿಡುವ ಆ್ಯಪ್‌ಗಳಿಂದ ನನ್ನ ಮಗಳು ಒಂದು ದಿನ ತಪ್ಪಿದ್ದಕ್ಕೆ ಅತ್ತಿದ್ದುಂಟು. ಅಂಗಾಲಿನಿಂದ ರಕ್ತ ಸುರಿಯುವಷ್ಟು ನಡೆದು ಸಾಧನೆ ಮಾಡಿ ಸೋತ ಸೋಣನೆಂಬ ಭಿಕ್ಷುವಿಗೆ ಬುದ್ಧ, ನೀನು ವೀಣೆ ನುಡಿಸುತ್ತಿದ್ದವನಲ್ಲವೇ, ತಂತಿಯನ್ನು ಅತಿಯಾಗಿ ಬಿಗಿದರೆ, ಅತಿಯಾಗಿ ಸಡಿಲ ಬಿಟ್ಟರೆ ನಾದ ಬರುತ್ತಿತ್ತೇ ಎಂದು ಕೇಳಿದ ಕಥೆಯನ್ನು ಅವಳಿಗೆ ಹೇಳಿದೆ. ಆ ಲೆಕ್ಕದ ಸೂಚನೆಯನ್ನು ಅವಳೇ ಆಫ್ ಮಾಡಿದಳು. ಈಗ ರಾತ್ರಿ ಊಟವಾದ ಮೇಲೆ ನಾವು ಮೂವರೂ ಇಪ್ಪತ್ತು ನಿಮಿಷ ಕೂರುತ್ತೇವೆ. ಎದ್ದ ಮೇಲೆ, ಇಂದು ಯಾರ ಮೇಲಾದರೂ ದನಿ ಎತ್ತಿದೆವೇ, ಯಾರನ್ನಾದರೂ ಸುಮ್ಮನೆ ಕಾಯಿಸಿದೆವೇ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ. ಕಾಯಿಸಿದ ಪ್ರಶ್ನೆಯನ್ನು ಸೇರಿಸಿದವನು ನಾನು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ವಿಷಯದ ಮೇಲೆ ಮತ್ತೊಮ್ಮೆ ಪುಟ ಮೀಸಲಿಡುವುದಾದರೆ, ಧ್ಯಾನ ಕಲಿಸುವ ಗುರುಗಳನ್ನು ಕೇಳಿದಂತೆಯೇ ಅವರ ಕೇಂದ್ರದ ಅಡುಗೆಯವರನ್ನೂ ಕಾವಲುಗಾರರನ್ನೂ ಮಾತಾಡಿಸಿ, ಅವರಿಗೆ ವಾರದ ರಜೆ ಇದೆಯೇ, ಅವರಿಗೂ ಕೂರಲು ಹೊತ್ತು ಸಿಗುತ್ತದೆಯೇ ಎಂದು ಕೇಳಿಸಿ. ಧ್ಯಾನದ ಕಾರ್ಯಕ್ರಮ ನಡೆಸುತ್ತೇವೆಂದು ಹೇಳಿಕೊಳ್ಳುವ ಕಂಪನಿಗಳನ್ನು, ಎರಡು ಪಾಳಿಗಳ ನಡುವೆ ಎಷ್ಟು ಗಂಟೆ ಬಿಡುವು ಕೊಡುತ್ತೀರಿ ಎಂದು ಕೇಳಿಸಿ. ಸಿಬ್ಬಂದಿ ವಿಭಾಗದಲ್ಲಿ ಇಂದು ನಾನಿದ್ದ ಕುರ್ಚಿಯಲ್ಲಿ ಕೂತಿರುವ ಕಿರಿಯರು ಈ ಪತ್ರ ಓದಿದರೆ, ಮುಂದಿನ ಶುಕ್ರವಾರ ಚಾಪೆ ಹಾಸುವ ಮೊದಲು ಆ ತಿಂಗಳ ಪಾಳಿಯ ಪಟ್ಟಿಯನ್ನು ಒಮ್ಮೆ ತೆರೆದು ನೋಡಲಿ, ಮತ್ತು ಚಹಾ ತಂದವರಿಗೆ ಬಾಗಿಲ ಬಳಿ ಒಂದು ಕುರ್ಚಿ ಹಾಕಿಸಲಿ.

ವಂದನೆಗಳೊಂದಿಗೆ,

ನಿವೃತ್ತ ಸಿಬ್ಬಂದಿ ಅಧಿಕಾರಿ,
ರಾಜಾಜಿನಗರ, ಬೆಂಗಳೂರು